ಮುರಿದ ರೊಟ್ಟಿಯ ಒರಳು

ನಾನು ಒಂದು ಕಲ್ಲಿನ ಒರಳು. ಎರಡು ಕೈಯಲ್ಲಿ ಎತ್ತಬಹುದಾದಷ್ಟು ಸಣ್ಣದು. ಗುಡ್ಡದ ಬಂಡೆಯಲ್ಲಿದ್ದ ನನಗೆ ಕಲ್ಲುಕುಟಿಗನೊಬ್ಬ ನಾಲ್ಕು ದಿನ ಉಳಿ ಹಿಡಿದು ಹೊಟ್ಟೆ ಕೊಟ್ಟ. ಸಂತೆಯಲ್ಲಿ ಗೌರವ್ವ ನನ್ನ ಒಳಗನ್ನು ಬೆರಳಿನಿಂದ ಸವರಿ, ಹರಳು ಉದುರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತು ತಂದಳು.

ಉಳಿದದ್ದನ್ನು ಉಳಿಸುವುದು ಆ ಮನೆಯಲ್ಲಿ ನನ್ನ ಕೆಲಸ. ಹೀರೇಕಾಯಿಯ ಸಿಪ್ಪೆ, ಕೊತ್ತಂಬರಿಯ ದಂಟು, ಬಾಡಿದ ಮೆಣಸಿನಕಾಯಿ ಎಲ್ಲ ನನ್ನೊಳಗೆ ಬಂದು ಚಟ್ನಿಯಾಗುತ್ತಿದ್ದವು. ಕುಟ್ಟುವಾಗ ಗೌರವ್ವ ಶಿವನ ಪದ ಹೇಳುತ್ತಿದ್ದಳು. ಒಂದು ಸಾಲಿಗೆ ನಾಲ್ಕು ಪೆಟ್ಟು. ಓದು ಬಾರದ ನನಗೆ ಆ ಪದಗಳು ಹಾಗೆಯೇ ಬಾಯಿಪಾಠವಾದವು.

ಗೌರವ್ವಳಿಗೆ ವಯಸ್ಸಾಗಿ, ಅಡುಗೆಮನೆ ಸೊಸೆ ಪಾರ್ವತೆವ್ವಳ ಕೈಗೆ ಹೋಯಿತು. ಪಾರ್ವತೆವ್ವ ತನ್ನ ಮಗನಿಗೆ ಹೆಣ್ಣು ತಂದದ್ದು ಅನ್ನ ಉಣ್ಣುವ ಸೀಮೆಯಿಂದ. ಹುಡುಗಿಯ ಹೆಸರು ನಿಂಬೆವ್ವ. ಜೋಳದ ರೊಟ್ಟಿ ಬಡಿಯಲು ಬಾರದು.

ಒಂದು ಅಮಾವಾಸ್ಯೆಗೆ ಮಠದ ಅಜ್ಜಾರನ್ನು, ಅಂದರೆ ಸ್ವಾಮಿಗಳನ್ನು, ಊಟಕ್ಕೆ ಕರೆದಿದ್ದರು.

"ಇವತ್ತ ಅಜ್ಜಾರ ಮುಂದ ಮಾನ ಕಳದಿ ಅಂದ್ರ ನಾಳೆ ತವರಿಗೆ ನಡಿ. ರೊಟ್ಟಿ ಕಲತಮ್ಯಾಲೆ ಬಾ," ಎಂದಳು ಪಾರ್ವತೆವ್ವ.

ಹೆದರಿದ ನಿಂಬೆವ್ವ ಎಸರು ಕುದಿಯುವ ಮೊದಲೇ ಹಿಟ್ಟಿಗೆ ಸುರಿದಳು. ಉಗುರುಬೆಚ್ಚಗಿನ ನೀರಿಗೆ ಜೋಳದ ಹಿಟ್ಟು ಜಿಗಿ ಬಿಡುವುದಿಲ್ಲ. ಬಡಿದ ರೊಟ್ಟಿಯೆಲ್ಲ ಹಂಚಿನ ಮೇಲೆ ಬಿರಿದು ಚೂರಾಯಿತು. ಹಿಟ್ಟು ಮುಗಿದಿತ್ತು. ಅಂಗಳದಲ್ಲಿ ಅಜ್ಜಾರು ಕಾಲು ತೊಳೆಯುವ ಸದ್ದು ಕೇಳಿತು.

ಮೂಲೆಯಲ್ಲಿದ್ದ ಗೌರವ್ವ ನನ್ನನ್ನು ಎಳೆದುಕೊಂಡಳು. "ಅಳಬ್ಯಾಡವಾ. ಬಳ್ಳೊಳ್ಳಿ ಸುಲಿ. ರೊಟ್ಟಿ ಕೆಟ್ಟಿಲ್ಲ, ಮುಟಗಿಗೆ ಬಂದಾವ."

ಬಿಸಿ ಚೂರು, ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಉಪ್ಪು. ಗೌರವ್ವ ಪದ ಹೇಳಿಕೊಡುತ್ತ ನಿಂಬೆವ್ವಳ ಕೈ ಹಿಡಿದು ಕುಟ್ಟಿಸಿದಳು. ನಾನು ಕೆಳಗಿನಿಂದ ಗಟ್ಟಿಯಾಗಿ ಕೂತುಕೊಂಡೆ. ಕುಟ್ಟಿದ್ದನ್ನು ಆರುವ ಮೊದಲೇ ಮುಷ್ಟಿಯಲ್ಲಿ ಒತ್ತಿ ಮುಟಗಿ ಕಟ್ಟಿ, ಮೇಲೊಂದು ಕುಳಿ ಮಾಡಿ ತುಪ್ಪ ಬಿಟ್ಟರು. ಅಜ್ಜಾರು ಮೂರು ಮುಟಗಿ ಉಂಡರು. ರೂಢಿಯಂತೆ ತಟ್ಟೆ ತೊಳೆದ ನೀರನ್ನೂ ಕುಡಿದರು.

"ಪಾರ್ವತೆವ್ವಾ, ಸೊಸಿ ಕೈ ಚೊಲೊ ಐತಿ. ಮುಂದಿನ ಅಮಾಸಿಗೂ ಇದನ್ನ ಮಾಡ್ರಿ."

ಮುಂದಿನ ಅಮಾವಾಸ್ಯೆಗೆ ಪಾರ್ವತೆವ್ವ ದುಂಡನೆಯ ರೊಟ್ಟಿಗಳನ್ನು ತಾನೇ ಬಡಿದು, ತಾನೇ ಮುರಿದು ನನಗೆ ಹಾಕಬೇಕಾಯಿತು. "ನಗಬ್ಯಾಡ, ಕುಟ್ಟು," ಎಂದಳು ಸೊಸೆಗೆ. ತವರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ.

ಗೌರವ್ವ ಹೋದಳು. ಪಾರ್ವತೆವ್ವ ಹೋದಳು. ಮಿಕ್ಸರ್ ಬಂತು. ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ನನ್ನನ್ನು ಅದಕ್ಕೆ ಒತ್ತಿ ಇಟ್ಟರು. ಅದೂ ಕೆಲಸವೇ. ಕಲ್ಲಿಗೆ ಬೇಸರ ಕಡಿಮೆ. ಪದಗಳು ಮಾತ್ರ ಹೊಟ್ಟೆಯಲ್ಲಿ ಸುಮ್ಮನೆ ಕೂತಿದ್ದವು.

ಮೊನ್ನೆ ನಿಂಬೆವ್ವಳ ಮೊಮ್ಮಗನ ಹೆಂಡತಿ ರೊಟ್ಟಿಯ ಚೂರಿನ ಬುಟ್ಟಿಗೆ ಸೆರಗು ಮುಚ್ಚಿಕೊಂಡು, ಸದ್ದಿಲ್ಲದೆ ಎಮ್ಮೆಯ ಕಡೆ ಹೊರಟಿದ್ದಳು. ಹಲ್ಲಿಲ್ಲದ ನಿಂಬೆವ್ವ ಕಂಡಳು.

"ಎಲ್ಲಿಗೆ ಒಯ್ಯಾಕ್ಹತ್ತಿ? ಅವು ಕೆಟ್ಟಿಲ್ಲ. ಆ ಬಾಗಲಕ್ಕ ಇಟ್ಟ ಒಳ್ಳು ತೊಳಕೊಂಡ ಬಾ."

"ಆಯಿ, ಬಾಗಲಾ ಬಡಕೋತೈತಿ."

"ಬಡಕೊಳ್ಳಲಿ ಬಿಡ."

ಹಿತ್ತಲ ಬಾಗಿಲು ಬಡಿದುಕೊಳ್ಳುತ್ತಲೇ ಇತ್ತು. ಒಳಗೆ ನಿಂಬೆವ್ವ ಹುಡುಗಿಯ ಕೈ ಹಿಡಿದು ಕುಟ್ಟಿಸುತ್ತ ಪದ ಎತ್ತಿಕೊಂಡಳು. ಒಂದು ಸಾಲಿಗೆ ನಾಲ್ಕು ಪೆಟ್ಟು. ನಡುವೆ ಒಂದು ಸಾಲು ಅವಳಿಗೆ ಮರೆತುಹೋಯಿತು. ಪೆಟ್ಟು ಮಾತ್ರ ನಾಲ್ಕೂ ಬಿದ್ದವು. ಆ ಸಾಲನ್ನು ನಾನು ಹೇಳಿಕೊಂಡೆ.