ಬೆನ್ನು ತಿರುಗಿಸಿ ಕೇಳುವವಳು

ನನ್ನ ಸೋದರತ್ತೆ ಮುಟ್ಟಿನ ನೋವಿನ ವಿಚಾರವನ್ನು ಯಾರ ಮುಖ ನೋಡಿಯೂ ಕೇಳಿದವಳಲ್ಲ. ಒಲೆಯ ಕಡೆ ತಿರುಗಿ, ಬಂದವಳಿಗೆ ತನ್ನ ಬೆನ್ನನ್ನೂ ಮಾಸಿದ ಬೂದು ಸ್ವೆಟರನ್ನೂ ಮಾತ್ರ ತೋರಿಸುತ್ತ, ಪಾತ್ರೆಯಲ್ಲಿ ಚಮಚ ಆಡಿಸುತ್ತ ಕೇಳುವಳು: "ಅದಿರಲಿ, ಈ ತಿಂಗಳು ಹೇಗಿತ್ತು?" ಅದಕ್ಕೆ ಮುಂಚೆ ಯಾವ ಮಾತೂ ನಡೆದಿರದಿದ್ದರೂ 'ಅದಿರಲಿ' ಇರಲೇಬೇಕು. ಬೆನ್ನಿಗೆ ಉತ್ತರ ಹೇಳಲು ಯಾರಿಗೂ ನಾಚಿಕೆಯಾಗುತ್ತಿರಲಿಲ್ಲ.

ವೃತ್ತಿಯಲ್ಲಿ ಅವಳು ದರ್ಜಿ. ಅಳತೆ ಕೊಡಲೆಂದು ಬರುವ ಹುಡುಗಿಯರಲ್ಲಿ ಅರ್ಧಕ್ಕರ್ಧ ಮಂದಿ ಬಟ್ಟೆಯನ್ನೇ ತರುತ್ತಿರಲಿಲ್ಲ. ಅತ್ತೆ ಕೊರಳಲ್ಲಿ ಟೇಪು ನೇತಾಡುತ್ತಿರುವಂತೆಯೇ ಚಪ್ಪಲಿ ಎಳೆಯುತ್ತ ಅಡುಗೆಮನೆಗೆ ಹೋಗಿ, ಜಜ್ಜಿದ ಶುಂಠಿ, ಓಮ, ಚೂರು ಬೆಲ್ಲ ಹಾಕಿ ಕಷಾಯ ಕುದಿಸುವಳು. ಬೀದಿಗೆಲ್ಲ ಅವಳು ಶುಂಠಿ ಅತ್ತೆ. ಶುಂಠಿಯಿಂದ ಈ ನೋವು ತಗ್ಗುವುದಕ್ಕೆ ಒಂದಿಷ್ಟು ಪುರಾವೆ ಉಂಟು, ಬೆಲ್ಲಕ್ಕೆ ಅಂಥದೇನೂ ಕಾಣೆ ಎಂದು, ರಸಾಯನಶಾಸ್ತ್ರ ಓದಿದ ನಾನು ಒಮ್ಮೆ ಹೇಳಿದೆ. ಬೆಲ್ಲ ಇರುವುದು ಗಂಟಲಲ್ಲಿ ಇಳಿಯಲಿಕ್ಕೆ ಎಂದು ಅತ್ತೆ ನನ್ನ ಲೋಟವನ್ನು ಮಾತ್ರ ಬೆಲ್ಲವಿಲ್ಲದೆ ಕೊಟ್ಟಳು.

ಒಂದು ಮಧ್ಯಾಹ್ನ ನನ್ನ ತಂಗಿ ಬಂದು ಕೂತಳು. ಮುಖ ಸುಣ್ಣದಂತಿತ್ತು. ಎರಡು ವಾರದಿಂದ ಸ್ರಾವ ನಿಂತಿಲ್ಲ, ಗಡ್ಡೆಗಡ್ಡೆಯಾಗಿ ಹೋಗುತ್ತಿದೆ, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತದೆ ಎಂದು ಅತ್ತೆಯ ಬೆನ್ನಿಗೆ ಹೇಳಿಕೊಂಡಳು. ಚಮಚದ ಸದ್ದು ನಿಂತಿತು. ಅತ್ತೆ ಒಲೆ ಆರಿಸಿ, ಪೂರ್ತಿ ಈ ಕಡೆ ತಿರುಗಿ, ತಂಗಿಯ ಕೆಳರೆಪ್ಪೆ ಎಳೆದು ನೋಡಿದಳು.

"ಏಳು, ಆಸ್ಪತ್ರೆಗೆ ಹೋಗೋಣ."

ಆಸ್ಪತ್ರೆಯೆಂದರೆ ತಂಗಿಗೆ ಪ್ರಾಣಭಯ. "ಒಂದು ಲೋಟ ಕೊಡು ಅತ್ತೆ, ಸಾಕು."

"ಇದು ನನ್ನ ಪಾತ್ರೆಗೆ ಹಿಡಿಯೋದಲ್ಲ ಕಣೇ," ಎಂದು ಕುದಿದ ಕಷಾಯವನ್ನು ಅವಳೆದುರೇ ಚೆಲ್ಲಿದಳು.

ಆಸ್ಪತ್ರೆ ತಲುಪಿದಾಗಲೂ ಟೇಪು ಅತ್ತೆಯ ಕೊರಳಲ್ಲೇ ಉಳಿದಿತ್ತು. ಯಾರ ಅಳತೆಗೆ ಬಂದಿರಿ ಎಂದು ನರ್ಸ್ ಕೇಳಿದಳು. ಅತ್ತೆ ನಗಲಿಲ್ಲ. ತಂಗಿಗೆ ರಕ್ತ ಕೊಟ್ಟರು, ಗರ್ಭಕೋಶದಲ್ಲಿದ್ದ ಗಂಟನ್ನು ತೆಗೆದರು. ಅದು ಕ್ಯಾನ್ಸರ್ ಅಲ್ಲ ಎಂದು ಗೊತ್ತಾದ ದಿನ ಅತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಲ್ಲೇ ನಿದ್ದೆಹೋದಳು.

ತಂಗಿ ಗೆಲುವಾಗಿ, ಕಷಾಯಕ್ಕೆ ಡಾಕ್ಟರಮ್ಮನ ಒಪ್ಪಿಗೆ ಪಡೆದು, ನನ್ನೊಡನೆ ಮತ್ತೆ ಆ ಅಡುಗೆಮನೆಗೆ ಬಂದಾಗ ಅತ್ತೆ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ನಿಧಾನವಾಗಿ ಒಲೆಯ ಕಡೆ ತಿರುಗಿದಳು.

"ಅದಿರಲಿ, ಈ ತಿಂಗಳು ಹೇಗಿತ್ತು?"

ಆ ಬೆನ್ನು ಕಂಡು ನಾವಿಬ್ಬರೂ ಉಸಿರು ಬಿಟ್ಟೆವು. ಇಂಥವರ ಕೈಗುಣವನ್ನು ಜನ ಲೋಟದಲ್ಲಿ ಹುಡುಕುತ್ತಾರೆ. ಅದರ ಬಹುಪಾಲು ಒಲೆ ಆರಿಸಿದ ಆ ಕೈಯಲ್ಲಿದೆ ಎಂದು ನನ್ನ ಎಣಿಕೆ.