ಮೆತೊಡಿಯ ಗೋಧಿ

ಬೆಲ್‌ಗ್ರೇಡಿನ ಹಾಸ್ಟೆಲಿನಲ್ಲಿ, ಮೂರನೆಯ ಹಾಸಿಗೆಯವನು ಎಲ್ಲಿ ಎಂದು ಕೇಳಿದಾಗ, "ಹಿಂದಿನಿಂದ ಬರ್ತಿದಾನೆ" ಎಂದು ಯಾವೊರ್ ಉತ್ತರ ಕೊಟ್ಟಿದ್ದ. ಗೆಳೆಯ ಇಲ್ಕೊ ಪಕ್ಕದಲ್ಲೇ ನಿಂತಿದ್ದ, ತಿದ್ದಲಿಲ್ಲ. ಚಳಿಗಾಲದಲ್ಲಿ ಮೂವರೂ ಕೂಡಿ ಗೊತ್ತುಮಾಡಿದ ಪ್ರವಾಸವದು. ಮೂರನೆಯವನಾದ ಮೆತೊಡಿ ತೀರಿಕೊಂಡು ಮರುದಿನಕ್ಕೆ ನಲವತ್ತು ದಿನವಾಗುತ್ತಿತ್ತು.

ತಮ್ಮೂರಾದ ಬಲ್ಗೇರಿಯದ ಪ್ಲೊವ್ದಿವ್‌ನಲ್ಲಿ ಬೀಳ್ಕೊಡುವಾಗ ಮೆತೊಡಿಯ ತಾಯಿ ತ್ಸ್ವೆತಾ ಯಾವೊರನ ಕೈಗೆ ಒಂದು ಪೊಟ್ಟಣ ಗೋಧಿ ಕೊಟ್ಟಿದ್ದಳು. "ನಲವತ್ತರ ದಿನ ಬೇಯಿಸಿ, ಸಕ್ಕರೆ ಬೆರೆಸಿ, ಹೊತ್ತು ಮುಳುಗೋದ್ರೊಳಗೆ ನಾಲ್ಕು ಜನಕ್ಕೆ ಹಂಚಪ್ಪ. ಅವನ ಹೆಸರು ಹೇಳಿ ಹಂಚು. ಇಲ್ಲಿ ಗೋರಿ ಹತ್ರ ನಾನು ಹಂಚ್ತೀನಿ. ಅವನು ಹೋಗ್ಬೇಕಂತಿದ್ದ ದಾರೀಲಿ ನೀನು ಹಂಚು."

ಬೆಳಕು ಹರಿಯುತ್ತಿದ್ದಂತೆ ಹಾಸ್ಟೆಲಿನ ಅಡುಗೆಮನೆಯಲ್ಲಿ ಯಾವೊರ್ ಗೋಧಿ ಬೇಯಿಸಿದ. ಅಲ್ಲಿದ್ದವರಿಗೇ ಹಂಚಿಬಿಡೋಣವೆಂದು ಇಲ್ಕೊ ಹೇಳಿದ. "ಸಮುದ್ರ ಕಂಡ ಮೇಲೆ" ಎಂದ ಯಾವೊರ್. ಡಬ್ಬಿಯನ್ನು ಬೆನ್ನುಚೀಲದಲ್ಲಿರಿಸಿ, ಚೀಲವನ್ನು ಬಸ್ಸಿನ ಹೊಟ್ಟೆಯೊಳಗಿಟ್ಟು, ಇಬ್ಬರೂ ಗಡಿಯಾಚೆಯ ಕಡಲೂರು ಬುದ್ವಾಕ್ಕೆ ಹೊರಟರು.

ಸೆರ್ಬಿಯದ ಗಡಿಗೆ ಸ್ವಲ್ಪ ಈಚೆ ಏರಿನಲ್ಲಿ ಬಸ್ಸು ಹೊಗೆಯುಗುಳಿ ನಿಂತಿತು. ಬಿಸಿಲಿನಲ್ಲಿ ಬಹಳ ಹೊತ್ತು ಕಾದ ಮೇಲೆ ಬದಲಿ ಬಸ್ಸು ಬಂತು. ಜನ ಒಬ್ಬರ ಮೇಲೊಬ್ಬರು ಬಿದ್ದರು. ಇಲ್ಕೊ ಸೀಟು ಹಿಡಿಯಲು ಓಡಿದ. ಯಾವೊರನ ಒಂದು ಕೈಯಲ್ಲಿ ಇಲ್ಕೊನ ಚೀಲ, ಇನ್ನೊಂದರಲ್ಲಿ ಬುತ್ತಿಯ ಬ್ರೆಡ್ಡು, ಹಲ್ಲುಗಳ ನಡುವೆ ಇಬ್ಬರ ಪಾಸ್‌ಪೋರ್ಟು. ಕಂಡಕ್ಟರ್ ರಾದಿಸಾವ್ ಸಾಮಾನಿನ ಬಾಗಿಲಿಗೆ ಕೈಹಚ್ಚಿ ಕೇಳಿದ: "ನಿಂದೆಲ್ಲಾ ತಗೊಂಡ್ಯಾ?"

ಯಾವೊರ್ ತಲೆಯನ್ನು ಮೇಲಿನಿಂದ ಕೆಳಕ್ಕೆ ಆಡಿಸಿದ. ಬಲ್ಗೇರಿಯದವರಿಗೆ ಅದು ಇಲ್ಲವೆಂಬ ಉತ್ತರ. ಅಡ್ಡಡ್ಡ ಆಡಿಸಿದರೆ ಹೌದೆಂದು. ರಾದಿಸಾವ್ ಸೆರ್ಬಿಯದವನು. ಜನರ ನೂಕಿಗೆ ಸಿಕ್ಕಿ ಬಸ್ಸೇರಿದ ಯಾವೊರ್, ತನ್ನ ಚೀಲವನ್ನು ಕಂಡಕ್ಟರನೇ ತರುವನೆಂದು ನಂಬಿದ. ರಾದಿಸಾವ್ ಬಾಗಿಲು ಮುಚ್ಚಿ, ಕೆಟ್ಟ ಬಸ್ಸನ್ನು ಚಾಲಕನಿಗೆ ಬಿಟ್ಟು, ಪ್ರಯಾಣಿಕರೊಂದಿಗೆ ಬಂದ.

ಗಡಿಯಲ್ಲಿ ಪೊಲೀಸರು ಸಾಮಾನನ್ನೆಲ್ಲ ಕೆಳಗಿಳಿಸಿದರು. ಯಾವೊರನ ಚೀಲ ಅದರಲ್ಲಿರಲಿಲ್ಲ.

"ನಾನು ಕೇಳ್ದೆ. ನೀನು ತಲೆ ಆಡಿಸ್ದೆ" ಎಂದ ರಾದಿಸಾವ್.

"ಇಲ್ಲ ಅಂತಲೇ ಆಡಿಸಿದ್ದು."

"ಇಲ್ಲ ಅನ್ನೋಕೆ ಹಿಂಗೆ ಆಡಿಸ್ತಾರೇನಪ್ಪಾ? ನಿಮ್ಮೂರಲ್ಲಿ ಮದುವೆಗಳು ಹೆಂಗಾಗ್ತವೆ?"

"ತಲೆ ಸುಮ್ನಿರ್ಲಿ, ಬಾಯಿ ಆಡಿಸು ಅಂತ ನಿನ್ನೆಯಿಂದ ಬಡ್ಕೋತಿದೀನಿ" ಎಂದು ಇಲ್ಕೊ ಗೊಣಗಿದ.

"ನಾಳೆ ಬಸ್ಸಲ್ಲಿ ಕಳಿಸ್ತೀನಿ ಬಿಡು" ಎಂದ ರಾದಿಸಾವ್. "ಅಂಥಾದ್ದೇನಿತ್ತು?"

"ಬೇಯಿಸಿದ ಗೋಧಿ. ನಾಳೆ ಬಂದ್ರೆ ಪ್ರಯೋಜನ ಇಲ್ಲ."

ರಾದಿಸಾವನ ನಗೆ ನಿಂತಿತು. ಅವನ ಮನೆಯಲ್ಲೂ ಗೋಧಿ ಬೇಯಿಸಿದ ದಿನಗಳಿದ್ದವು. "ನಿಮ್ಮವರು ಯಾರಾದ್ರೂ ಹೋದ್ರಾ?"

ಯಾವೊರ್ ತಲೆಯನ್ನು ಅಡ್ಡಡ್ಡ ಆಡಿಸಿದ.

ಕಂಡಕ್ಟರ್ ಅವನ ಮುಖವನ್ನೇ ನೋಡುತ್ತ ನಿಂತ. ಈ ಸಲ ತಪ್ಪು ತಿಳಿಯಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. "ಹೆಸರು?"

ಹೆಸರನ್ನು ತಲೆಯಾಡಿಸಿ ಹೇಳಲು ಬರುವುದಿಲ್ಲ. ಬಿಸಿಲು ಆಗಲೇ ರಸ್ತೆಯನ್ನು ಬಿಟ್ಟು ಎದುರಿನ ಗುಡ್ಡದ ನೆತ್ತಿಗೆ ಏರಿತ್ತು. ಇಲ್ಕೊ ಬ್ರೆಡ್ಡಿನ ಪೊಟ್ಟಣವನ್ನು ಬಿಚ್ಚಿ ಯಾವೊರನ ಕೈಗಿತ್ತ.

"ಇದೂ ಗೋಧೀದೇ ಕಣೋ. ಮುರಿ."

ಯಾವೊರ್ ಮುರಿದ. "ಮೆತೊಡಿ" ಎಂದ. ಮತ್ತೊಮ್ಮೆ ಜೋರಾಗಿ ಹೇಳಿದ.

"ದೇವರು ಮೆತೊಡೀನ ಕ್ಷಮಿಸಲಿ" ಎಂದು ರಾದಿಸಾವ್ ನಿಂತಲ್ಲೇ ತಿಂದ. ಆಮೇಲೆ ಯಾವೊರನ ಮುಂದೆ ನಡೆದು, ಪಾಸ್‌ಪೋರ್ಟಿನ ಸಾಲಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ತಡೆದು ನಿಲ್ಲಿಸಿದ. ಯಾವೊರ್ ಪ್ರತಿಯೊಬ್ಬರಿಗೂ ಒಂದು ತುಂಡು ಕೊಟ್ಟ. ಪ್ರತಿಯೊಬ್ಬರಿಗೂ ಹೆಸರು ಹೇಳಿದ. ಯಾರೂ ಬೇಡವೆನ್ನಲಿಲ್ಲ. ಕೊನೆಯ ತುಂಡನ್ನು ಇಲ್ಕೊ ಎರಡು ಮಾಡಿದ. ಗುಡ್ಡದ ನೆತ್ತಿಯಲ್ಲಿ ಬೆಳಕು ಇನ್ನೂ ಇತ್ತು.

ಬಸ್ಸು ಹೊರಡುವಾಗ ಬುದ್ವಾದ ಹಾಸ್ಟೆಲಿನಾಕೆ ಫೋನು ಮಾಡಿದಳು. "ತಡ ಆಗುತ್ತೇನ್ರೀ? ಮೂರು ಹಾಸಿಗೆ ಇಟ್ಟಿದೀನಿ. ಮೂವರೂ ಬರ್ತಿದೀರಿ ತಾನೆ?"

ಯಾವೊರನ ತಲೆ ತಾನಾಗಿ ಕೆಳಕ್ಕೆ ಬಾಗಿತು. ಬಳಿಕ ಬಾಯಿ ತೆರೆದ.

"ಇಲ್ಲ, ಇಬ್ಬರು. ಮೂರನೆಯವನು ತೀರಿಕೊಂಡ."