ಲೆನ್ಸಿನ ಕೆಳಗಿನ ಚೀಲ

ನಾನು ಒಂದು ಚೀಲ. ಮೈಸೂರಿನಲ್ಲಿ ಜೀಪಿನ ಸೀಟಿಗೆ ಕವರ್ ಹೊಲಿಯುವ ಬಾಬಾಜಾನ್ ಸಾಹೇಬರ ಅಂಗಡಿಯಲ್ಲಿ, ಉಳಿದ ಖಾಕಿ ಬಟ್ಟೆಯ ತುಂಡಿನಿಂದ ಹುಟ್ಟಿದೆ. ಆಕಾರ ಚಡ್ಡಿಯದು. ಜೀಪಿನ ಕಂಬಿಯ ಆಚೆಗೊಂದು ಈಚೆಗೊಂದು ಕಾಲು ಇಳಿಬಿಟ್ಟು ಕೂತು, ಕ್ಯಾಮೆರಾದ ಲೆನ್ಸ್ ಅಲುಗಾಡದಂತೆ ಹೊರುವುದು ನನ್ನ ಕೆಲಸ. ಹುಟ್ಟುವಾಗ ಹೊಟ್ಟೆ ಖಾಲಿ. ಏನು ತುಂಬಬೇಕೆಂದು ಒಡೆಯರೇ ತೀರ್ಮಾನಿಸಬೇಕು. ನನ್ನ ಪಾಪ ಶುರುವಾದದ್ದೂ ಅಲ್ಲಿಂದಲೇ.

ಹೊಲಿಸಿದವರು ವನಮಾಲಾ ಮೇಡಂ, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತರಾದವರು. ಸಫಾರಿಗೆ ಮುಂಚೆ ಮೂರು ದಿನ ಊಟದ ಮೇಜಿನ ತುಂಬ ಲೆನ್ಸುಗಳನ್ನು ಹರಡಿಕೊಂಡು ಕೂತಿದ್ದರು. ತಮ್ಮ ನಾಗಭೂಷಣ ಪಟ್ಟು ಬಿಡಲಿಲ್ಲ. "ಅಕ್ಕಾ, ಆರುನೂರು ಎಂಎಂ ಲೆನ್ಸ್ ಇಲ್ದೆ ಕಾಡಿಗೆ ಹೋಗೋದೂ ಒಂದೇ, ಕಣ್ಣು ಮುಚ್ಕೊಂಡು ಸಿನಿಮಾಕ್ಕೆ ಹೋಗೋದೂ ಒಂದೇ!"

"ಅದನ್ನ ಎತ್ತೋಕೆ ನನ್ನ ಮೊಣಕೈ ಒಪ್ಪಬೇಕಲ್ಲೋ," ಎಂದರು ಮೇಡಂ. ಟ್ರೈಪಾಡ್ ಜೀಪಿನಲ್ಲಿ ಕಾಲು ಚಾಚಲಾರದು. ಹಾಗಾಗಿ ಅದಕ್ಕಿಂತ ಹಗುರವಾದ ನಾನೂರರ ಲೆನ್ಸು, ಅದರಡಿಗೆ ನಾನು. ಲೆನ್ಸಿಗೆ ಮೆತ್ತನೆಯ ಪೆಟ್ಟಿಗೆ. ನನ್ನನ್ನು ಮಡಚಿ ಚಪ್ಪಲಿಯ ಜೊತೆ ತುರುಕಿದರು. ಇರಲಿ ಬಿಡಿ.

ಕಾಡಂಚಿನ ಊರಿನ ಅಂಗಡಿಯಲ್ಲಿ ನಾಲ್ಕು ಕಿಲೋ ಹುರುಳಿ ಕೊಂಡು ನನ್ನ ಹೊಟ್ಟೆಗೆ ಸುರಿದರು. ಜೀಪಿನ ಡ್ರೈವರ್ ಸಿದ್ದಶೆಟ್ಟಿಯ ಮುಖ ಸಣ್ಣಗಾಯಿತು.

"ಕಾಳು ಬ್ಯಾಡಿ ಮೇಡಂ, ಮರಳು ತುಂಬಿ. ಆನೆಗೆ ಕಾಳಿನ ವಾಸ್ನೆ ಬಲು ದೂರದಿಂದ್ಲೇ ಹೊಡೀತದೆ. ಹ್ವಾದ ವರ್ಸ ನಮ್ಮೂರಲ್ಲಿ ರಾಗಿಗೋಸ್ಕರ ಗೋಡೆ ಕೆಡ್ವಿತ್ತು."

"ಮರಳಿನ ಒಂದು ಕಣ ಒಳಗೆ ಹೋದ್ರೆ ಲೆನ್ಸ್ ಹಾಳಾಗುತ್ತೆ ಸಿದ್ದಶೆಟ್ರೇ. ಹೊರಡುವಾಗ ಈ ಹುರುಳಿ ನಿಮ್ಮ ಮನೆಗೇ. ದಂಡ ಯಾಕಾಗ್ಬೇಕು?"

ಅತಿಥಿಯ ಮಾತಿಗೆ ಎದುರಾಡುವುದು ಹೇಗೆ? "ನಿಮ್ಮಿಷ್ಟ," ಎಂದು ಅವನು ಸ್ಟಿಯರಿಂಗ್ ಹಿಡಿದ.

ಮೂರನೆಯ ದಿನ ಒಂಟಿದಂತದ ಸಲಗ ದಾರಿಗೆ ಬಂತು. ಇಪ್ಪತ್ತು ಮಾರು ದೂರದಲ್ಲಿ ನಿಂತು, ಸೊಂಡಿಲನ್ನು ನೇರ ನಮ್ಮತ್ತ ಎತ್ತಿತು. ಮೇಡಂ ಕ್ಯಾಮೆರಾ ಒತ್ತಿದ್ದೇ ಒತ್ತಿದ್ದು. "ನಮಸ್ಕಾರ ಮಾಡ್ತಿದೆ ನೋಡಿ!" ಎನ್ನುವಾಗ ಅವರ ಕಣ್ಣಲ್ಲಿ ನೀರು. ಲೆನ್ಸ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಅಬ್ಬಾ, ನಾನೂ ಬೀಗಿದೆ. ಸಿದ್ದಶೆಟ್ಟಿ ಮಾತ್ರ ಜೀಪು ಹಿಂದಕ್ಕೆ ತೆಗೆದ.

ಹೊರಡುವ ದಿನ ಮೇಡಂ ನನ್ನನ್ನು ಹುರುಳಿಯ ಸಮೇತ ಅವನ ಕೈಗಿತ್ತರು. ಊರಿನ ಕೊನೆಯ ಮನೆ ಅವನದು, ಮಣ್ಣಿನ ಗೋಡೆ. ಹೆಂಡತಿ ಚೆನ್ನಾಜಮ್ಮ, "ಇವತ್ತೇ ಡಬ್ಬಕ್ಕೆ ಸುರುದು ಮುಚ್ಬುಡಾನಾ?" ಎಂದಳು. ದಣಿದಿದ್ದ ಅವನು, "ನಾಳೀಕ್ ಆಯ್ತದೆ ತಕೋ," ಎಂದು ನನ್ನನ್ನು ಗೋಡೆಯ ಗೂಟಕ್ಕೆ ತಗುಲಿಹಾಕಿದ.

ಮರುದಿನ ಬೆಳಕು ಹರಿಯುವಾಗ ಅವನು ಜೀಪಿಗೆ ಹೋಗಿದ್ದ. ಚೆನ್ನಾಜಮ್ಮ ಒಲೆ ಊದುತ್ತಿದ್ದಳು. ಗೋಡೆ ಒಳಕ್ಕೆ ಬಂತು. ಮಣ್ಣಿನ ಹಿಂದೆಯೇ ಸೊಂಡಿಲು, ಅದರ ಪಕ್ಕ ಒಂದೇ ದಂತ. ಅದು ಅವಳನ್ನು ಮುಟ್ಟಲಿಲ್ಲ. ನೆಟ್ಟಗೆ ಎದುರು ಗೋಡೆಯ ಗೂಟಕ್ಕೆ ಬಂದು ನನ್ನನ್ನು ಎಳೆದು, ಒಂದು ಕಾಲು ಹರಿದು, ಸುರಿದ ಕಾಳನ್ನು ಆರಾಮವಾಗಿ ತಿಂದಿತು. ಅಷ್ಟು ಹೊತ್ತೂ ಅವಳು ಬಿದ್ದ ಗೋಡೆಯಡಿ ಸಿಕ್ಕಿಕೊಂಡು "ಅವ್ವಾ, ಅವ್ವಾ" ಎನ್ನುತ್ತಿದ್ದಳು. ಬದುಕುತ್ತಾಳೋ ಇಲ್ಲವೋ ಎಂದು ನಾನು ಒದ್ದಾಡಿದೆ. ಒದ್ದಾಡಿದ್ದು ಬರೀ ಮನಸ್ಸು. ಚೀಲ ಇನ್ನೇನು ಮಾಡೀತು?

ಬದುಕಿದಳು. ಬಲಗಾಲು ಮಾತ್ರ ಮೊದಲಿನಂತಾಗಲಿಲ್ಲ. ಅವಳು ಇನ್ನೂ ಆಸ್ಪತ್ರೆಯಲ್ಲಿದ್ದಾಗ, ಸಿದ್ದಶೆಟ್ಟಿ ಮುರಿದ ಮನೆಯಲ್ಲಿ ಮಣ್ಣು ತೋಡುತ್ತಿದ್ದಾಗ, ಮೇಡಂ ಫೋನ್ ಮಾಡಿದರು. "ಹುರುಳಿ ಸಾರು ಹೇಗಿತ್ತು ಸಿದ್ದಶೆಟ್ರೇ?"

"ಚೆನ್ನಾಗಿತ್ತು ಮೇಡಂ," ಎಂದ ಅವನು.

ಮರುವರ್ಷ ಮೇಡಂ ಹೇಳದೆ ಕೇಳದೆ ಮನೆಗೇ ಬಂದರು. ಕೈಯಲ್ಲಿ ಕಟ್ಟು ಹಾಕಿಸಿದ ಸಲಗದ ಫೋಟೋ. 'ಕಾಡಿನ ನಮಸ್ಕಾರ' ಎಂದು ಹೆಸರಿಟ್ಟಿದ್ದರಂತೆ, ಬಹುಮಾನವೂ ಬಂದಿತ್ತಂತೆ. ಕೋಲೂರಿಕೊಂಡು ಹೊರಬಂದ ಚೆನ್ನಾಜಮ್ಮ ಅದನ್ನು ಬಹಳ ಹೊತ್ತು ನೋಡಿದಳು.

"ಇದೇಯ ಕಣವ್ವ ನಮ್ಮ ಗೋಡೆ ಕೆಡ್ವಿದ್ದು. ನಿಮ್ಗೆಲ್ಲಿ ಕೈ ಮುಗೀತದೆ? ಹುರುಳಿ ವಾಸ್ನೆ ಹಿಡೀತಾ ಅದೆ."

"ಸುಮ್ಕಿರಮ್ಮಿ," ಎಂದ ಸಿದ್ದಶೆಟ್ಟಿ. ಆದರೆ ಮೇಡಂ ಆಗಲೇ ಹೊಸ ಗೋಡೆ ನೋಡಿದ್ದರು, ಕೋಲು ನೋಡಿದ್ದರು, ಬಾಗಿಲಿಗೆ ಒತ್ತಾಗಿ ಬುಡದಲ್ಲಿಟ್ಟಿದ್ದ ನನ್ನ ಹರಿದ ಕಾಲಿನ ತೇಪೆ ನೋಡಿದ್ದರು. ಜಗಲಿಯ ಮೇಲೆ ಕೂತರು.

"ನನಗೆ ಯಾಕೆ ಹೇಳ್ಲಿಲ್ಲ?"

"ಪ್ರೀತಿಯಿಂದ ಕೊಟ್ಟಿದ್ರಿ ಮೇಡಂ. ಹೆಂಗ್ ಹೇಳದು?"

ಮೇಡಂ ಫೋಟೋವನ್ನು ಬೋರಲು ಹಾಕಿದರು. ಹೊರಡುವಾಗ ನನ್ನ ಕಿವಿ ಹಿಡಿದು ಎತ್ತಲು ನೋಡಿದರು. ಈ ಚೀಲ ಇನ್ನು ಇಲ್ಲಿರಬಾರದು ಎಂದರು. ಚೆನ್ನಾಜಮ್ಮ ಬಿಡಲಿಲ್ಲ. "ಇರ್ಲಿ ಬುಡಿ. ಅದಿದ್ರೆ ಬಾಗ್ಲು ಹೊಡ್ಕಳಕ್ಕಿಲ್ಲ."

ಈಗ ನನಗೆ ವಯಸ್ಸಾಗಿದೆ, ಹೊಲಿಗೆ ಬಿಡುತ್ತಿದೆ. ಹೊಟ್ಟೆಯಲ್ಲಿರುವುದು ಮರಳು, ಮೊದಲ ದಿನವೇ ಸಿದ್ದಶೆಟ್ಟಿ ಹೇಳಿದ ಮರಳು. ಬೆಳಿಗ್ಗೆ ಚೆನ್ನಾಜಮ್ಮ ಹೊಸ್ತಿಲು ದಾಟುವಾಗ ಕೋಲನ್ನು ಒಂದು ಕೈಗೆ ತೆಗೆದುಕೊಂಡು ಇನ್ನೊಂದು ಕೈಯನ್ನು ಬಾಗಿಲಿಗೆ ಊರುತ್ತಾಳೆ. ಆಗ ಇದ್ದಬದ್ದ ಭಾರವನ್ನೆಲ್ಲ ಬಿಟ್ಟು ಕೂರುತ್ತೇನೆ. ಬಾಗಿಲು ಅಲುಗಬಾರದು.